ಏಳು ಸೆಕೆಂಡು ಹೆಚ್ಚಿಗಿ

ಇಳಕಲ್ಲಿನ ಬಸ್‌ಸ್ಟ್ಯಾಂಡ್ ಹಿಂದ, ಜೆರಾಕ್ಸ್ ಅಂಗಡಿ ಅಟ್ಟದ ಮ್ಯಾಲ
ನನ್ನ ಕಂಪ್ಯೂಟರು. ಮೌಸು ಸತ್ತು ಎರಡು ವರ್ಷ.
ಇನ್ನೊಂದು ತಂದಿಲ್ಲ, ಬೇಕೂ ಆಗಿಲ್ಲ.
ಕರಿ ಪರದೆ, ಅದರಾಗ ಮಿಣಮಿಣ ಒಂದು ಗೀಟು.
ಹೇಳಿದ್ದು ಮಾಡತೈತಿ, ಹೇಳದ್ದು ಮಾಡೂದಿಲ್ಲ.
ಇಂಥಾ ಆಳು ಈ ಊರಾಗ ಇನ್ನೊಬ್ಬ ಸಿಕ್ಕರ ತೋರಸ್ರಿ.

ಗುರಸಿದ್ದವ್ವ ಬಂದಳು,
ಖಣದ ತುಂಡಿನಾಗ ಕ್ಯಾಸೆಟ್ಟು ಸುತ್ತಿಕೊಂಡು.
"ತೊಂಬತ್ತಾರನೇ ಇಸ್ವಿದು, ನನ್ನ ಲಗ್ನ.
ಮೊಬೈಲಿಗೆ ಹಾಕಿ ಕೊಡು."
ಟೇಪಿಗೆ ಬೂಸ್ಟು ಹಿಡಿದಿತ್ತು.
ಅರಳಿ, ಸ್ಪಿರಿಟ್ಟು, ಒಂದಿಡೀ ಮಧ್ಯಾಹ್ನ.
ನಡುವ ಎರಡು ಸಲ ಕರೆಂಟ್ ಹೋಗಿ
ಎರಡು ಸಲ ಅಕ್ಷತಾ ಮೊದಲಿಂದ.

ಹಚ್ಚಿ ನೋಡಿದರ ಚಿತ್ರದ ತುಂಬ ಸೀಳು.
ಆಗಿನ ಕ್ಯಾಮೆರಾ ಒಂದೊಂದು ಚಿತ್ರ ಎರಡು ಸಲ ಹಿಡೀತಿತ್ತು:
ಬೆಸ ಗೆರಿ ಒಮ್ಮೆ, ಸರಿ ಗೆರಿ ಆಮ್ಯಾಲ.
ಆ ಎರಡರ ನಡುವ ಕೈ ಎತ್ತಿದವರ ಕೈ ಜಾಲರಿ.
ನಾ ಇಂಗ್ಲಿಷಿನಾಗ ಏನೋ ಹೇಳಾಕ ಹೊಂಟಿದ್ದೆ.
"ಹಣಿಗಿ ತಪ್ಪೇತಿ," ಅಂದಳು,
ನಲವತ್ತು ವರ್ಷ ಕುಣಿ ಮಗ್ಗದಾಗ ಕಾಲು ಬಿಟ್ಟಾಕಿ.
ಖರೇನ, ಹಣಿಗಿ ತಪ್ಪಿತ್ತು.
ಒಂದು ಶಬ್ದ ಬರದು ಎಂಟರ್ ಹೊಡದೆ.
ಎಳಿಗೆ ಎಳಿ ಕೂಡಿ ಮುಖ ಆತು.

"ಈಗ ಇದರಾಗಿಂದ ಅವನ್ನ ತಗದು ಕೊಡು."
ಅವ ಅಂದರ ಮದಿಮಗ.
ತೀರಿಕೊಂಡಾರೇನ್ರಿ ಅಂದೆ.
"ಎಲ್ಲೀದು! ಹುನಗುಂದದಾಗ ಇನ್ನೊಬ್ಬಾಕಿ ಕೂಡ ಆರಾಮ ಅದಾನ."
ಬಾಸಿಂಗ ಕಟ್ಟಿಕೊಂಡವ ಎಲ್ಲಾ ಕಡೆ ಇರತಾನ, ಹೆಂಗ ತಗೀಲಿ?
ಬಲಗಡಿ ಕತ್ತರಿಸಿದರ ನೀವೂ ಅರ್ಧ ಹೋಗ್ತೀರಿ.
ಗೋಡಿ ನೋಡಿಕೋತ ಕುಂತಳು ಒಂದೀಟು.
"ಹಂಗಾರ ಒಂದು ತುಣುಕು ಸಾಕು.
ನಮ್ಮಪ್ಪ ಪಂಕ್ತಿಯೊಳಗ ಬುಂದೆ ನೀಡತಾನ.
ಅಲ್ಲಿಂದ, ಅವ ನಗೂತನಕ."

ಒಂದು ತಾಸು, ಹನ್ನೆರಡು ನಿಮಿಷ, ನಲವತ್ತು ಸೆಕೆಂಡು.
ಬರದೆ. ಕಡೀಕ ಡ್ಯಾಶ್ ಸಿ ಕಾಪಿ.
ಅಂದರ ಬಿಚ್ಚಬ್ಯಾಡ, ಮತ್ತ ನೇಯಬ್ಯಾಡ,
ಇದ್ದಂಗ ಹರಿದು ಕೊಡು.
ಕಣ್ಣು ಮುಚ್ಚಿ ತಗಿಯೂದರಾಗ ಕೊಟ್ಟಿತು.
ಹಚ್ಚಿದರ,
ಅಪ್ಪ ಬರೂಕಿಂತ ಏಳು ಸೆಕೆಂಡು ಮೊದಲ ಅವ!
ಎಲಿ ಮುಂದ ಕುಂತಾನ, ಬಾಸಿಂಗ ಸರಿಸಿಕೊಂಡು.
ಮೀಸಿ ಇನ್ನೂ ಗಟ್ಟಿ ಇಲ್ಲ.
ಯಾರಿಗೋ ನೀರು ಕೇಳತಾನ.
ಯಾರೂ ಕೊಡೂದಿಲ್ಲ.
ಮತ್ತೊಮ್ಮೆ ಕೇಳತಾನ, ಸಣ್ಣಗೆ.
ಆಮ್ಯಾಲ ಅಪ್ಪ, ಬುಂದೆ, ನಗಿ.

ಅವ್ವಾರ, ನನ್ನ ತಪ್ಪಲ್ಲ ಅಂದೆ.
ಇನ್ನೂರೈವತ್ತು ಚಿತ್ರಕ್ಕೊಮ್ಮೆ ಒಂದ ಪೂರ್ತಿ ಚಿತ್ರ ಇಟ್ಟಿರತೈತಿ.
ನಡುವಿನವೆಲ್ಲ ಬರೇ ಬದಲಾದದ್ದರ ಲೆಕ್ಕ:
ಯಾವ ಕೈ ಸರೀತು, ಯಾವ ತಲಿ ತಿರುಗಿತು.
ನಿಮ್ಮಪ್ಪನ ಕಾಲಾಗಿನ ನೆಲ ಇವನ ಚಿತ್ರದ್ದು.
ಕತ್ತರಿ ಆ ಪೂರ್ತಿ ಚಿತ್ರದ ಮ್ಯಾಲಷ್ಟ ಬೀಳತೈತಿ.
ಬ್ಯಾಡಂದ್ರ ಬಿಚ್ಚಿ ನೇಯತೀನಿ, ಐದು ನಿಮಿಷದ ಕೆಲಸ.
ಅಪ್ಪನ ಮುಖ ಒಂದೀಟು ಮಸಕಾಗತೈತಿ, ಅಷ್ಟ.

ಗುರಸಿದ್ದವ್ವ ಸೆರಗಿನ ತುದಿ ಹಿಡಿದಳು,
ಮೈಯ ಎಳಿಗೂ ಸೆರಗಿನ ಎಳಿಗೂ ಕೊಂಡಿ ಬಿದ್ದಲ್ಲಿ,
ಹೆಬ್ಬಟ್ಟಿನಲೆ ಸವರಿದಳು. ನನಗೇನೋ ಹೇಳತಾಳ ಅಂದುಕೊಂಡೆ.
ಹೇಳಲಿಲ್ಲ.
"ಇನ್ನೊಮ್ಮೆ ಹಚ್ಚು."
ಹಚ್ಚಿದೆ.
"ನೀರು ಕೇಳಿದ್ದು ನನಗ ಗೊತ್ತ ಇಲ್ಲ ನೋಡು.
ಪಕ್ಕಕ್ಕ ಕುಂತಿದ್ದೆ. ತಲಿ ಬಗ್ಗಿಸಿದ್ದೆ."

ಕೆಳಗ ಜೆರಾಕ್ಸ್ ಮಷೀನು ಯಾರದೋ ಆಧಾರ್ ಕಾರ್ಡು
ಹತ್ತು ಸಲ ತಗೀತು.

"ಇರಲಿ ಬಿಡು.
ಆ ಏಳು ಸೆಕೆಂಡಿಗೆ ರೊಕ್ಕ ಕೊಡೂದಿಲ್ಲ ಮತ್ತ."
ಫೈಲಿಗೆ ಏನು ಹೆಸರಿಡಲಿ?
"ಅಪ್ಪ ಅಂತ ಇಡು."

ಆಕಿ ಇಳಿದು ಹೋದ ಮ್ಯಾಲ ಕೈ ತಡೀಲಿಲ್ಲ.
ಬಿಚ್ಚಿ ನೇದರ ಹೆಂಗ ಬರತೈತಿ ನೋಡೂಣಂತ ಹೊಡದೆ.
ಕರಿ ಪರದೆ ಕೇಳಿತು:
ಅಪ್ಪ ಅನ್ನೂದೊಂದು ಮೊದಲ ಐತಿ,
ಅದರ ಮ್ಯಾಲ ಬರೀಲೇನು? ವೈ, ಇಲ್ಲಾ ಎನ್.
ಗೀಟು ಮಿಣಮಿಣ.
ಎನ್ ಒತ್ತಿ, ನೀರು ಕುಡದು ಬಂದೆ.